ಭೂಗೋಳ ಕಲಿಸೋಕೆ ಹೊರಟವರ ತಲೇಲಿರೋ ತಪ್ಪು ಚಿತ್ರಗಳನ್ನ ತಿದ್ದೋದು ಹೇಗೆ?

ಬಿ.ಎಡ್. ವಿದ್ಯಾರ್ಥಿಗಳನ್ನ "ಬೇಸಿಗೆ ಯಾಕೆ ಬರುತ್ತೆ?" ಅಂತ ಕೇಳಿ ನೋಡಿ, ಬಹಳಷ್ಟು ಜನ ತಡವರಿಸದೇ "ಭೂಮಿಯ ಅಕ್ಷ 23½ ಡಿಗ್ರಿ ಓರೆಯಾಗಿದೆ, ಅದಕ್ಕೇ" ಅಂತಾರೆ. ಪರೀಕ್ಷೇಲಿ ಇಷ್ಟು ಬರೆದ್ರೆ ಮಾರ್ಕ್ಸ್ ಬಂತು. ಆದ್ರೆ ಅಲ್ಲಿಗೇ ಬಿಡದೆ "ಓರೆ ಇದ್ರೆ ಬಿಸಿಲು ಯಾಕಮ್ಮ ಜಾಸ್ತಿ ಆಗ್ಬೇಕು?" ಅಂತ ಇನ್ನೊಂದು ಪ್ರಶ್ನೆ ಹಾಕಿ, "ಓರೆ ಇರೋದ್ರಿಂದ ನಮ್ಮ ಅರ್ಧಗೋಳ ಸೂರ್ಯಂಗೆ ಹತ್ತಿರ ಹೋಗುತ್ತಲ್ವಾ ಮೇಡಂ" ಅನ್ನೋ ಮಾತು ಬರುತ್ತೆ. ಬಾಯಲ್ಲಿ ಪುಸ್ತಕದ ವಾಕ್ಯ, ತಲೇಲಿ ಬೇರೆ ಚಿತ್ರ. ಹಳೇ ಗೋಡೆ ಮೇಲೆ ಹೊಸ ಸುಣ್ಣ ಹೊಡೆದ ಹಾಗೆ, ಒಳಗಿನ ಬಿರುಕು ಹಾಗೇ ಇರುತ್ತೆ.

ಇದು ನಮ್ಮ ಹುಡುಗ ಹುಡುಗೀರ ಬುದ್ಧಿ ಕಡಿಮೆ ಅನ್ನೋ ಮಾತಲ್ಲ. ಅಮೆರಿಕದ ಹಾರ್ವರ್ಡ್ ಯೂನಿವರ್ಸಿಟೀಲಿ 1980ರ ದಶಕದಲ್ಲಿ ಪದವಿ ಪ್ರದಾನದ ದಿನವೇ 23 ಜನರನ್ನ, ಅದ್ರಲ್ಲಿ ಪ್ರೊಫೆಸರ್‌ಗಳೂ ಇದ್ರು, ಋತುಗಳ ಬಗ್ಗೆ ಇಲ್ಲಾ ಚಂದ್ರನ ಕಲೆಗಳ ಬಗ್ಗೆ ಕೇಳಿದ್ರೆ 21 ಜನ ತಪ್ಪು ವಿವರಣೆ ಕೊಟ್ರು. ನಮ್ಮಲ್ಲಿ ಇದ್ರ ಜೊತೆ ಇನ್ನೊಂದು ಕಾರಣ ಸೇರ್ಕೊಂಡಿದೆ. ಹೈಸ್ಕೂಲಲ್ಲಿ ಸಮಾಜ ವಿಜ್ಞಾನದ ಟೀಚರ್ ಅಂದ್ರೆ ಇತಿಹಾಸ, ಭೂಗೋಳ, ಪೌರನೀತಿ, ಅರ್ಥಶಾಸ್ತ್ರ ಎಲ್ಲಾನೂ ಒಬ್ಬರೇ ಮಾಡ್ಬೇಕು. ಇತಿಹಾಸ, ರಾಜ್ಯಶಾಸ್ತ್ರ ಓದ್ಕೊಂಡು ಬಂದವರು ಭೂಗೋಳವನ್ನ ಎಸ್ಸೆಸ್ಸೆಲ್ಸಿಗೇ ಬಿಟ್ಟಿರ್ತಾರೆ, ಆಮೇಲೆ ನೇರವಾಗಿ ಅದನ್ನೇ ಕಲಿಸೋಕೆ ನಿಲ್ತಾರೆ. ಒಬ್ಬ ಟೀಚರ್ ಸರ್ವೀಸ್ ಮುಗಿಸೋ ಹೊತ್ತಿಗೆ ಅವರ ಮುಂದೆ ಎಷ್ಟು ಮಕ್ಕಳು ಕೂತು ಹೋಗಿರ್ತಾರೆ ಅಂತ ಯೋಚನೆ ಮಾಡಿ, ಆಗ ಈ ಕೆಲಸಕ್ಕೆ ಎಷ್ಟು ಸಮಯ ಕೊಟ್ರೂ ಜಾಸ್ತಿ ಅನ್ಸಲ್ಲ.

ಬಿ.ಎಡ್., ಡಿ.ಎಲ್.ಎಡ್. ಕಾಲೇಜಲ್ಲಿ ಪಾಠ ಮಾಡೋರು, ಡಯಟ್‌ನವರು (ಜಿಲ್ಲಾ ಶಿಕ್ಷಣ ಮತ್ತೆ ತರಬೇತಿ ಸಂಸ್ಥೆಯವರು), ಇಂಟರ್ನ್‌ಶಿಪ್‌ಗೆ ಬಂದವರನ್ನ ನೋಡ್ಕೊಳ್ಳೋ ಶಾಲಾ ಶಿಕ್ಷಕರು ಇದನ್ನ ಹೀಗೆ ಮಾಡ್ಬಹುದು.

ಮೊದಲ ಹೆಜ್ಜೆ: ಉತ್ತರ ಕೇಳ್ಬೇಡಿ, ಚಿತ್ರ ಬರೆಸಿ

ಯೂನಿಟ್ ಶುರು ಮಾಡೋ ಮುಂಚೆ ಖಾಲಿ ಹಾಳೆ ಕೊಡಿ. ಹೆಸರು ಬೇಡ, ರಿಜಿಸ್ಟರ್ ನಂಬರ್ ಬೇಡ, ಇಂಟರ್ನಲ್ ಮಾರ್ಕ್ಸಿಗೆ ಸೇರಲ್ಲ ಅಂತ ಮೊದಲೇ ಹೇಳ್ಬಿಡಿ, ಇಲ್ದಿದ್ರೆ ಎಲ್ಲರೂ ಪುಸ್ತಕದ ಚಿತ್ರವನ್ನೇ ನೆನಪಿಸ್ಕೊಂಡು ಬರೀತಾರೆ. ಪದ ಕಮ್ಮಿ, ಗೆರೆ ಜಾಸ್ತಿ ಇರ್ಬೇಕು. ಇಂಥ ಪ್ರಶ್ನೆಗಳು ಚೆನ್ನಾಗಿ ಕೆಲಸ ಮಾಡ್ತವೆ:

- ಭೂಮಿ ಸೂರ್ಯನ್ನ ಸುತ್ತೋ ದಾರಿ ಬರೀರಿ, ಜನವರೀಲಿ ಎಲ್ಲಿರುತ್ತೆ, ಏಪ್ರಿಲ್‌ನಲ್ಲಿ ಎಲ್ಲಿರುತ್ತೆ ಗುರುತು ಹಾಕಿ.
- ಅರಬ್ಬೀ ಸಮುದ್ರದಿಂದ ಆಗುಂಬೆ ಹತ್ತಿ ಚಿತ್ರದುರ್ಗದ ತನಕ ನೆಲವನ್ನ ಅಡ್ಡ ಸೀಳಿದ ಹಾಗೆ ಬರೀರಿ, ಮುಂಗಾರು ಮೋಡ ಎಲ್ಲಿ ಏನಾಗುತ್ತೆ ತೋರ್ಸಿ.
- ನಿಮ್ಮೂರಲ್ಲಿ ಬೋರ್‌ವೆಲ್ ಕೊರೆದ್ರು, ನೀರು ಬಂತು. ನೆಲದೊಳಗೆ ಆ ನೀರು ಹೇಗಿತ್ತು, ಬರೀರಿ.
- ಜೂನ್ ತಿಂಗಳು, ಮಧ್ಯಾಹ್ನ, ಬೆಂಗಳೂರಲ್ಲಿ ನೆಟ್ಟಗೆ ನಿಲ್ಸಿದ ಕೋಲು. ನೆರಳು ಯಾವ ದಿಕ್ಕಿಗೆ ಬೀಳುತ್ತೆ?

ಪ್ರತಿ ಚಿತ್ರದ ಪಕ್ಕ "ಗ್ಯಾರಂಟಿ", "ಇರ್ಬಹುದು", "ಊಹೆ" ಅಂತ ಒಂದು ಗುರುತು ಹಾಕಿಸಿ. ಚಿತ್ರದಷ್ಟೇ ಈ ಗುರುತೂ ಮುಖ್ಯ. ಊಹೆ ಅಂತ ಬರೆದವರಿಗೆ ಸರಿಯಾಗಿ ಹೇಳ್ಕೊಟ್ರೆ ಸಾಕಾಗುತ್ತೆ, ತಪ್ಪು ಬರೆದು ಪಕ್ಕದಲ್ಲಿ ಗ್ಯಾರಂಟಿ ಅಂತ ಹಾಕಿದವರ ಹತ್ರ ನಿಮ್ಮ ಹೆಚ್ಚಿನ ಸಮಯ ಹೋಗ್ಬೇಕು.

ಹಾಳೆಗಳು ಕೈಗೆ ಬಂದ್ಮೇಲೆ ಏನು ಕಾಣುತ್ತೆ ಅಂದ್ರೆ, ಭೂಮಿಯ ದಾರಿ ಕೋಳಿಮೊಟ್ಟೆಗಿಂತ ಉದ್ದಕ್ಕಿರುತ್ತೆ, ಸೂರ್ಯ ಒಂದು ತುದೀಲಿ, ಬೇಸಿಗೆಯ ಭೂಮಿ ಅದ್ರ ಪಕ್ಕದಲ್ಲೇ. ಘಟ್ಟ ಒಂದು ಗೋಡೆ, ಮೋಡ ಬಂದು ಡಿಕ್ಕಿ ಹೊಡೀತಿರುತ್ತೆ. ಬೋರ್‌ವೆಲ್ ಪೈಪಿನ ತುದೀಲಿ ಒಂದು ದೊಡ್ಡ ಕೆರೆ, ಕೆಲವರಲ್ಲಿ ಹರಿಯೋ ನದಿ, ಅಲೆ ಸಮೇತ.

ಎರಡನೇ ಹೆಜ್ಜೆ: ತಪ್ಪು ಮಾಹಿತಿ ಬೇರೆ, ತಪ್ಪು ಚಿತ್ರ ಬೇರೆ

ಮಲ್ಪೆ ಹತ್ರದ ಸೇಂಟ್ ಮೇರೀಸ್ ದ್ವೀಪದ ಕಂಬದಂಥ ಬಂಡೆಗಳು ದಖನ್ ಲಾವಾದ್ದು ಅಂತ ಒಬ್ಬರು ಹೇಳಿದ್ರು ಅನ್ಕೊಳ್ಳಿ. ಅದು ತಪ್ಪು, ಆ ಬಂಡೆಗೆ ಸುಮಾರು 8.8 ಕೋಟಿ ವರ್ಷ ವಯಸ್ಸು, ಮಡಗಾಸ್ಕರ್ ಬೇರೆಯಾದ ಕಾಲದ್ದು, ದಖನ್ ಲಾವಾ ಹರಿದಿದ್ದು ಸುಮಾರು 6.6 ಕೋಟಿ ವರ್ಷದ ಹಿಂದೆ. ಇದನ್ನ ಒಂದ್ಸಲ ಹೇಳಿ, ಬರ್ಕೋತಾರೆ, ಮುಗೀತು. ಇಂಥದ್ದಕ್ಕೆ ಚಟುವಟಿಕೆ, ಗುಂಪು ಚರ್ಚೆ ಅಂತ ಒಂದು ಪೀರಿಯಡ್ ಖರ್ಚು ಮಾಡ್ಬೇಡಿ.

ಆದ್ರೆ "ಹತ್ತಿರ ಹೋದ್ರೆ ಬಿಸಿ" ಅನ್ನೋದು ಮಾಹಿತಿ ಅಲ್ಲ, ಒಲೆ ಹತ್ರ ನಿಂತು ಮೈ ಕಲಿತಿರೋ ಅನುಭವ. ಅದು ಪ್ರತಿದಿನ ಸರಿ ಅಂತ ಸಾಬೀತಾಗ್ತಿರುತ್ತೆ. ನೀವು ಬೋರ್ಡ್ ಮೇಲೆ ಸರಿ ಉತ್ತರ ಬರೆದ ಮಾತ್ರಕ್ಕೆ ಹೋಗಲ್ಲ. ಹಾಳೆಗಳನ್ನ ವಿಂಗಡಿಸುವಾಗ ಈ ತಪ್ಪು ಎಲ್ಲಿಂದ ಬಂತು ಅಂತ ಪಕ್ಕದಲ್ಲಿ ಬರ್ಕೊಳ್ಳಿ: ಪುಸ್ತಕದ ಚಿತ್ರದಿಂದಲಾ, ಮೈಯ ಅನುಭವದಿಂದಲಾ, ಮನೆ-ಊರಿನ ನಂಬಿಕೆಯಿಂದಲಾ, ಇಲ್ಲಾ ಎರಡು ಪಾಠ ಕಲಸಿಹೋಗಿದ್ಯಾ. ಕೊನೇ ಗುಂಪಿಗೆ ಒಳ್ಳೇ ಉದಾಹರಣೆ ಓಜೋನ್ ಮತ್ತೆ ತಾಪಮಾನ ಏರಿಕೆ. "ಓಜೋನ್‌ನಲ್ಲಿ ತೂತು ಬಿದ್ದು ಬಿಸಿಲು ಒಳಗೆ ಬರ್ತಿದೆ, ಅದಕ್ಕೇ ಭೂಮಿ ಬಿಸಿಯಾಗ್ತಿದೆ" ಅನ್ನೋದು ಎಷ್ಟೋ ದೇಶಗಳ ಶಿಕ್ಷಕ ವಿದ್ಯಾರ್ಥಿಗಳಲ್ಲಿ ಕಂಡುಬಂದಿರೋ ತಪ್ಪು. ಇದಕ್ಕೆ ಎರಡು ಕಾಲಂ ಹಾಕಿ, ಯಾವ ಅನಿಲ, ಯಾವ ಕಿರಣ, ಏನು ತೊಂದ್ರೆ, ಏನು ಪರಿಹಾರ ಅಂತ ಬೇರೆ ಬೇರೆ ತುಂಬ್ಸಿದ್ರೆ ಬಹಳಷ್ಟು ಸರಿಹೋಗುತ್ತೆ.

ಮೂರನೇ ಹೆಜ್ಜೆ: ಅವರ ಚಿತ್ರದಿಂದಲೇ ಮುಂದೇನಾಗ್ಬೇಕು ಅಂತ ಹೇಳಿಸಿ

ಇಡೀ ಕೆಲಸದ ಜೀವಾಳ ಇದೇ. ಕಲಿಕೆ ಬಗ್ಗೆ ಸಂಶೋಧನೆ ಮಾಡಿದ ಪೋಸ್ನರ್ ಮತ್ತೆ ಅವರ ಜೊತೆಗಾರರು 1982ರಲ್ಲಿ ಹೇಳಿದ ಮಾತು ಈಗ್ಲೂ ಉಪಯೋಗಕ್ಕೆ ಬರುತ್ತೆ: ಹಳೇ ಕಲ್ಪನೆ ಮೇಲೆ ಮೊದಲು ಅಸಮಾಧಾನ ಹುಟ್ಬೇಕು, ಆಮೇಲೆ ಹೊಸದು ಅರ್ಥ ಆಗ್ಬೇಕು, ನಂಬೋ ಹಾಗಿರ್ಬೇಕು, ಇನ್ನೊಂದು ಕಡೆ ಕೆಲಸಕ್ಕೆ ಬರ್ಬೇಕು. ನಾವು ಸಾಮಾನ್ಯವಾಗಿ ಮೊದಲನೇದನ್ನ ಬಿಟ್ಟು ನೇರ ಎರಡನೇದಕ್ಕೆ ಹೋಗ್ಬಿಡ್ತೀವಿ.

ಋತುಗಳನ್ನೇ ತಗೊಳ್ಳಿ. "ಸರಿ, ಹತ್ತಿರ ಇದ್ರೆ ಬಿಸಿ ಅಂತೀರಲ್ಲ, ಹಾಗಾದ್ರೆ ಭೂಮಿ ಸೂರ್ಯಂಗೆ ತುಂಬಾ ಹತ್ತಿರ ಇರೋ ತಿಂಗಳು ಯಾವ್ದು?" ಅಂತ ಕೇಳಿ. ಏಪ್ರಿಲ್, ಮೇ ಅಂತಾರೆ. ಜನವರಿ ಮೊದಲ ವಾರ ಅಂತ ತಿಳಿಸಿ, ಆಗ ದೂರ ಸುಮಾರು 14.7 ಕೋಟಿ ಕಿ.ಮೀ., ಜುಲೈ ಮೊದಲ ವಾರದಲ್ಲಿ 15.2 ಕೋಟಿ. ನಾವು ಸ್ವೆಟರ್ ಹಾಕೋ ತಿಂಗಳಲ್ಲೇ ಸೂರ್ಯ ಹತ್ತಿರ. ಆಗ ಯಾರಾದ್ರೂ ಹುಷಾರಾಗಿರೋರು "ಇಡೀ ಭೂಮಿ ಅಲ್ಲ ಸರ್, ವಾಲಿರೋ ಭಾಗ ಹತ್ತಿರ ಆಗುತ್ತೆ" ಅಂತಾರೆ. ಒಳ್ಳೇದು, ಲೆಕ್ಕ ಮಾಡ್ಸಿ. ಭೂಮಿಯ ವ್ಯಾಸವೇ ಸುಮಾರು 12,700 ಕಿ.ಮೀ., ವಾಲೋದ್ರಿಂದ ಆಗೋ ವ್ಯತ್ಯಾಸ ಅದಕ್ಕಿಂತ ಕಮ್ಮಿನೇ. ಜನವರಿ-ಜುಲೈ ನಡುವಿನ 50 ಲಕ್ಷ ಕಿ.ಮೀ. ವ್ಯತ್ಯಾಸವೇ ನಮಗೆ ಬೇಸಿಗೆ ತರ್ಲಿಲ್ಲ ಅಂದ್ಮೇಲೆ ಕೆಲವು ಸಾವಿರ ಕಿ.ಮೀ. ಏನು ಮಾಡೀತು? ಇನ್ನೂ ಒಪ್ಪದವರಿಗೆ ಮುಳ್ಳಯ್ಯನಗಿರಿ ಇದೆ, 1,900 ಮೀಟರಿಗಿಂತ ಎತ್ತರ, ಸೂರ್ಯಂಗೆ ಅಷ್ಟು ಹತ್ತಿರ, ಆದ್ರೆ ಚಳಿ.

ಉದ್ದನೆಯ ಮೊಟ್ಟೆಯಾಕಾರದ ದಾರಿಯನ್ನೂ ಅಲ್ಲೇ ಸರಿ ಮಾಡಿ. ಪುಸ್ತಕದಲ್ಲಿ ಅದನ್ನ ಪಕ್ಕದಿಂದ ನೋಡಿದ ಹಾಗೆ ಬರೆದಿರ್ತಾರೆ, ಅದಕ್ಕೇ ಚಪ್ಪಟೆ ಕಾಣುತ್ತೆ. ಕಂಪಾಸ್ ತಗೊಂಡು 15 ಸೆಂ.ಮೀ. ತ್ರಿಜ್ಯದ ವೃತ್ತ ಬರೆದು, ಸೂರ್ಯನ ಚುಕ್ಕೆಯನ್ನ ನಡುವಿಂದ ಎರಡೂವರೆ ಮಿ.ಮೀ. ಪಕ್ಕಕ್ಕೆ ಇಡ್ಸಿ. ನಿಜವಾದ ದಾರಿ ಇದೇ, ವೃತ್ತಕ್ಕೂ ಅದಕ್ಕೂ ಇರೋ ವ್ಯತ್ಯಾಸ ಪೆನ್ಸಿಲ್ ಗೆರೆಯ ದಪ್ಪಕ್ಕಿಂತ ಕಮ್ಮಿ. ತಾವೇ ಬರೆದಿದ್ದನ್ನ ನೋಡ್ದಾಗ ಆಗೋ ಬದಲಾವಣೆ ನೂರು ಸಲ ಹೇಳಿದ್ರೂ ಆಗಲ್ಲ.

ಇನ್ನು ನೆರಳಿನ ಕೋಲು. ಕಾಲೇಜು ಅಂಗಳದಲ್ಲಿ ಒಂದು ಮೀಟರ್ ಕೋಲು, ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಸಿ. ಗಡಿಯಾರದ 12ಕ್ಕೆ ಅಳತೆ ತಗೋಬೇಡಿ, ನಮ್ಮ ಟೈಮ್ 82½ ಡಿಗ್ರಿ ರೇಖಾಂಶದ್ದು, ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕಿದೆ, ಹಾಗಾಗಿ ಇಲ್ಲಿ ಸೂರ್ಯ ನೆತ್ತಿಗೇರೋದು ಸರಾಸರಿ 12:20ರ ಸುಮಾರಿಗೆ, ತಿಂಗಳು ನೋಡ್ಕೊಂಡು ಸ್ವಲ್ಪ ಆಚೀಚೆ. 12ರಿಂದ 12:40ರ ತನಕ ಕೆಲವು ನಿಮಿಷಕ್ಕೊಂದ್ಸಲ ಗುರುತು ಹಾಕಿ ಎಲ್ಲಕ್ಕಿಂತ ಗಿಡ್ಡ ನೆರಳನ್ನ ತಗೊಳ್ಳಿ. ಬೆಂಗಳೂರಲ್ಲಿ ಡಿಸೆಂಬರ್ 21ಕ್ಕೆ ಅದು ಸುಮಾರು 74 ಸೆಂ.ಮೀ., ಉತ್ತರಕ್ಕೆ. ಏಪ್ರಿಲ್ 24ರ ಹೊತ್ತಿಗೆ ನೆರಳೇ ಇಲ್ಲ. ಜೂನ್ 21ಕ್ಕೆ ಸುಮಾರು 18 ಸೆಂ.ಮೀ., ಅದೂ ದಕ್ಷಿಣಕ್ಕೆ! ಮೋಡ ಇರುತ್ತೆ, ಆದ್ರೂ ಜೂನ್‌ನಲ್ಲಿ ಬಿಸಿಲು ಬಂದ ಯಾವ ದಿನ ನೋಡಿದ್ರೂ ದಕ್ಷಿಣಕ್ಕೇ ಬೀಳುತ್ತೆ. ಆಗಸ್ಟ್ 18ರ ಸುಮಾರಿಗೆ ಮತ್ತೆ ನೆರಳಿಲ್ಲ. ಕಲಬುರಗಿ ಕಡೆಯವರಿಗೆ ಈ ದಿನಗಳು ಮೇ ಎರಡನೇ ವಾರ, ಆಗಸ್ಟ್ ಮೊದಲ ವಾರ. "ಸೂರ್ಯ ದಿನಾ ಮಧ್ಯಾಹ್ನ ನೆತ್ತಿ ಮೇಲೆ ಬರ್ತಾನೆ" ಅನ್ನೋ ಕಲ್ಪನೆ, "ಜೂನ್ 21ಕ್ಕೇ ನಮ್ಮಲ್ಲಿ ಸೂರ್ಯ ತುಂಬಾ ಮೇಲೆ" ಅನ್ನೋ ಕಲ್ಪನೆ, ಎರಡೂ ಇದೊಂದೇ ಕೋಲಿಗೆ ಬಿದ್ಹೋಗ್ತವೆ. ಏಪ್ರಿಲ್-ಮೇ ಯಾಕೆ ಸುಡುತ್ತೆ ಅನ್ನೋದೂ ಆಗ ತಾನೇ ಬಿಡಿಸ್ಕೊಳ್ಳುತ್ತೆ, ಕಿರಣ ನೇರ, ಹಗಲು ಉದ್ದ, ನೆಲ ಒಣಗಿದೆ, ಮೋಡ ಕಮ್ಮಿ. ಜೂನ್‌ಗೆ ಮುಂಗಾರಿನ ಮೋಡ ಬಂದು ಮುಚ್ಕೊಳ್ಳುತ್ತೆ.

ಇದೇ ಕೋಲು ಸಂಕ್ರಾಂತಿ ಪ್ರಶ್ನೆಗೂ ಬೇಕು. ಸೂರ್ಯ ಉತ್ತರಕ್ಕೆ ತಿರುಗೋದು ಜನವರಿ 14ಕ್ಕೆ ಅಂತ ಹೆಚ್ಚಿನವರು ನಂಬಿರ್ತಾರೆ, ಪಾಠದಲ್ಲೂ ಹಾಗೇ ಹೇಳ್ಬಿಡ್ತಾರೆ. ಡಿಸೆಂಬರ್ 21ಕ್ಕೆ 74 ಇದ್ದ ನೆರಳು ಸಂಕ್ರಾಂತಿ ದಿನಕ್ಕೆ ಆಗ್ಲೇ ಸುಮಾರು 68ಕ್ಕೆ ಇಳಿದಿರುತ್ತೆ, ಅಂದ್ರೆ ತಿರುಗಿ ಮೂರು ವಾರ ದಾಟಿದೆ. ಇಲ್ಲಿ ಹಬ್ಬವನ್ನ ತಪ್ಪು ಮಾಡೋ ಧಾಟೀಲಿ ಮಾತಾಡ್ಬೇಡಿ, ಅದು ಪಾಠಕ್ಕೂ ಒಳ್ಳೇದಲ್ಲ, ನಿಜವೂ ಅಲ್ಲ. ನಮ್ಮ ಪಂಚಾಂಗ ನಿರಯಣ, ನಕ್ಷತ್ರಗಳನ್ನ ಹಿಡಿದು ಲೆಕ್ಕ ಹಾಕುತ್ತೆ, ಸೂರ್ಯ ಮಕರ ರಾಶಿಗೆ ಬರೋ ದಿನ ಸಂಕ್ರಾಂತಿ. ಭೂಮಿಯ ಅಕ್ಷ ನಿಧಾನಕ್ಕೆ ದಿಕ್ಕು ಬದಲಿಸೋದ್ರಿಂದ ಸುಮಾರು 72 ವರ್ಷಕ್ಕೆ ಒಂದು ದಿನದ ಅಂತರ ಬೀಳುತ್ತೆ. ಸುಮಾರು 1700 ವರ್ಷದ ಹಿಂದೆ ಎರಡೂ ಒಂದೇ ದಿನ ಬರ್ತಿದ್ವು. ಹೀಗೆ ಹೇಳಿದ್ರೆ ಎಳ್ಳು ಬೆಲ್ಲ ಹಂಚೋ ಕೈಗೂ ಬೇಜಾರಿಲ್ಲ, ಭೂಗೋಳವೂ ಸರಿ.

ಘಟ್ಟ ಮತ್ತೆ ಮಳೆ ವಿಷ್ಯಕ್ಕೆ ಬಂದ್ರೆ, "ಘಟ್ಟ ಮೋಡವನ್ನ ತಡೆಯುತ್ತೆ" ಅನ್ನೋ ವಾಕ್ಯವನ್ನ ನಾವೇ ಕ್ಲಾಸಲ್ಲಿ ಬಳಸ್ತೀವಿ, ಅದನ್ನ ಮೊದಲು ಬಿಡ್ಬೇಕು. ಕೇಳ್ಬೇಕಾದ ಪ್ರಶ್ನೆ: ತಡೆಯೋದೇ ಆದ್ರೆ ಜುಲೈನಲ್ಲಿ ಬೆಂಗಳೂರಿನ ಆಕಾಶದಲ್ಲಿ ದಿನಗಟ್ಟಲೆ ಮೋಡ ಇದ್ದೂ ಜಿಟಿಜಿಟಿ ಬಿಟ್ರೆ ದೊಡ್ಡ ಮಳೆ ಇರಲ್ವಲ್ಲ, ಆ ಮೋಡ ಎಲ್ಲಿಂದ ಬಂತು? ಆಮೇಲೆ ಪ್ಲಾಸ್ಟಿಕ್ ಬಾಟ್ಲಿ ಪ್ರಯೋಗ. ತಳದಲ್ಲಿ ಸ್ವಲ್ಪ ಉಗುರುಬೆಚ್ಚಗಿನ ನೀರು, ಆರಿಸಿದ ಬೆಂಕಿಕಡ್ಡಿಯ ಹೊಗೆ ಒಂಚೂರು ಒಳಗೆ, ಮುಚ್ಚಳ ಬಿಗಿ. ಬಾಟ್ಲಿಯನ್ನ ಗಟ್ಟಿಯಾಗಿ ಒತ್ತಿ, ಬಿಡಿ. ಬಿಟ್ಟ ತಕ್ಷಣ ಒಳಗೆ ಮಂಜು ಕಟ್ಟುತ್ತೆ, ಮತ್ತೆ ಒತ್ತಿದ್ರೆ ಮಾಯ. ಗಾಳಿ ಹಿಗ್ಗಿದ್ರೆ ತಣ್ಣಗಾಗಿ ಆವಿ ಹನಿಯಾಗುತ್ತೆ, ಒತ್ತಿದ್ರೆ ಬೆಚ್ಚಗಾಗಿ ಹನಿ ಆರುತ್ತೆ. ಘಟ್ಟ ಹತ್ತೋ ಗಾಳಿಗೆ ಆಗೋದು ಮೊದಲನೇದು, ಇಳಿಯೋ ಗಾಳಿಗೆ ಎರಡನೇದು. ಆಗುಂಬೇಲಿ ವರ್ಷಕ್ಕೆ 7,000 ಮಿ.ಮೀ. ದಾಟೋ ಮಳೆ, ಚಿತ್ರದುರ್ಗದ ಕಡೆ 600ರ ಆಸುಪಾಸು, ಇದ್ರ ಹಿಂದಿರೋದು ಗೋಡೆ ಅಲ್ಲ, ಗಾಳಿಯ ಹತ್ತು-ಇಳಿ. ಮೋಡ ಅಂದ್ರೆ ನೀರಾವಿ ಅನ್ನೋ ತಪ್ಪೂ ಇದೇ ಬಾಟ್ಲೀಲಿ ಹೋಗುತ್ತೆ, ಆವಿ ಕಣ್ಣಿಗೆ ಕಾಣಲ್ಲ, ಕಾಣೋದು ಹನಿ.

ಬೋರ್‌ವೆಲ್ ಚಿತ್ರಕ್ಕೆ ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ವಿದ್ಯಾರ್ಥಿಗಳನ್ನ ಮುಂದೆ ಕರೆದು ಮಾತಾಡ್ಸಿ, ಅವರಿಗೆ ಗೊತ್ತಿರೋದು ಬಹಳ ಇದೆ. ಲಾರಿ ಬಂದು ಕೊರೆಯುವಾಗ ಮೊದಲು ಕೆಂಪು ಮಣ್ಣಿನ ಧೂಳು, ಆಮೇಲೆ ಪುಡಿಪುಡಿಯಾದ ಮೆತ್ತನೆ ಕಲ್ಲು, ಅದಾದ್ಮೇಲೆ ಬೂದು ಬಣ್ಣದ ಗಟ್ಟಿ ಬಂಡೆಯ ಹಿಟ್ಟು ಗಂಟೆಗಟ್ಟಲೆ, ಎಲ್ಲೋ ಒಂದು ಕಡೆ ಆ ಹಿಟ್ಟು ತೇವ ಆಗುತ್ತೆ. ಕೆಳಗೆ ಕೆರೆ ಇದ್ದಿದ್ರೆ ಇವರಿಗೆ ನೀರು ಬಂದು ಪಕ್ಕದ ತೋಟದವರಿಗೆ ಯಾಕೆ ಬರ್ಲಿಲ್ಲ? ಈ ಪ್ರಶ್ನೆ ಸಾಕು. ನಮ್ಮದು ಗ್ರಾನೈಟ್, ನೈಸ್ ಶಿಲೆ, ನೀರಿರೋದು ಮೇಲಿನ ಶಿಥಿಲ ಪದರದಲ್ಲಿ ಮತ್ತೆ ಬಂಡೆಯ ಬಿರುಕುಗಳಲ್ಲಿ, ಬಿರುಕು ಸಿಕ್ಕವರಿಗೆ ನೀರು. ತೆಂಗಿನಕಾಯಿ ಹಿಡಿದು ನೀರು ತೋರ್ಸೋರ ಮಾತು ಬಂದೇ ಬರುತ್ತೆ. ವಾದಕ್ಕೆ ಇಳೀಬೇಡಿ, ಊರಿನ ಬೋರ್‌ವೆಲ್‌ಗಳ ಪಟ್ಟಿ ಮಾಡ್ಸಿ: ಯಾವ ವರ್ಷ, ಎಷ್ಟು ಅಡಿ, ಯಾರು ಜಾಗ ತೋರ್ಸಿದ್ದು, ನೀರು ಬಂತಾ, ಈಗ್ಲೂ ಇದ್ಯಾ. ಪಟ್ಟಿ ತಂದವರೇ ಮಾತಾಡ್ತಾರೆ.

ಉಳಿದವು ಬೇಗ ಆಗ್ತವೆ. "ನದಿ ಮೇಲಿಂದ ಕೆಳಕ್ಕೆ, ಅಂದ್ರೆ ಉತ್ತರದಿಂದ ದಕ್ಷಿಣಕ್ಕೆ" ಅನ್ನೋರಿಗೆ ಗೋಡೆಯ ನಕ್ಷೆ ಇಳಿಸಿ ನೆಲದ ಮೇಲೆ ಹಾಸಿ, ಉತ್ತರವನ್ನ ಉತ್ತರಕ್ಕೇ ಹೊಂದಿಸಿ, ಗಂಗಾಮೂಲದ ಮೇಲೆ ಬೆರಳಿಡ್ಸಿ: ತುಂಗಾ, ಭದ್ರಾ ಈಶಾನ್ಯಕ್ಕೆ, ನೇತ್ರಾವತಿ ಪಶ್ಚಿಮಕ್ಕೆ, ಹುಟ್ಟಿದ ಬೆಟ್ಟ ಒಂದೇ. "ಭೂಮಿ ಒಳಗೆಲ್ಲ ಲಾವಾ" ಅನ್ನೋರಿಗೆ ಭೂಕಂಪದ ಎಸ್ ಅಲೆಗಳು ದ್ರವದಲ್ಲಿ ಸಾಗಲ್ಲ, ಆದ್ರೆ ಸುಮಾರು 2,900 ಕಿ.ಮೀ. ದಪ್ಪದ ಮ್ಯಾಂಟಲ್ ದಾಟಿ ಹೋಗ್ತವೆ, ಹೊರ ಕೇಂದ್ರಗೋಳದಲ್ಲಿ ಮಾತ್ರ ನಿಲ್ತವೆ ಅಂತ ತೋರ್ಸಿ.

ನಾಲ್ಕನೇ ಹೆಜ್ಜೆ: ನಿಮ್ಮ ಮಾಡೆಲ್ ಹೊಸ ತಪ್ಪು ಬಿತ್ತದ ಹಾಗೆ ನೋಡ್ಕೊಳ್ಳಿ

ಬಲ್ಬಿನ ಸುತ್ತ ಗ್ಲೋಬ್ ಹಿಡ್ಕೊಂಡು ಸುತ್ತೋದು ಎಲ್ಲ ಕಾಲೇಜಲ್ಲೂ ಇದೆ. ಬಲ್ಬು ಅರ್ಧ ಮೀಟರ್ ದೂರದಲ್ಲಿದ್ರೆ ಗ್ಲೋಬ್ ಸ್ವಲ್ಪ ವಾಲಿದ್ರೂ ಆ ಭಾಗ ನಿಜವಾಗ್ಲೂ ಹತ್ತಿರ ಆಗುತ್ತೆ, ಬಿಸಿನೂ ಆಗುತ್ತೆ! ನೀವು ತೆಗೀಬೇಕು ಅಂತಿದ್ದ ಕಲ್ಪನೆಗೆ ನೀವೇ ಸಾಕ್ಷಿ ಕೊಟ್ಟ ಹಾಗಾಯ್ತು. ಅದ್ರ ಬದ್ಲು ಗ್ರಾಫ್ ಶೀಟಿನ ಮೇಲೆ ಟಾರ್ಚ್ ನೇರವಾಗಿ ಬಿಡ್ಸಿ ಬೆಳಕು ಬಿದ್ದ ಚೌಕಗಳನ್ನ ಎಣಿಸಿ, ದೂರ ಬದಲಿಸದೇ ಓರೆ ಮಾಡಿ ಮತ್ತೆ ಎಣಿಸಿ. ಅದೇ ಬೆಳಕು ಹೆಚ್ಚು ಚೌಕಕ್ಕೆ ಹರಡಿರುತ್ತೆ. ಯಾವ ಮಾಡೆಲ್ ತಂದ್ರೂ ಕೊನೇಲಿ "ಇದು ಎಲ್ಲಿ ನಿಜದ ಹಾಗಿಲ್ಲ?" ಅಂತ ಅವರಿಂದಲೇ ಹೇಳಿಸಿ.

ಐದನೇ ಹೆಜ್ಜೆ: ಎರಡೂ ಚಿತ್ರ ಎದುರುಬದುರು ಇಟ್ಟು ಬರೆಸಿ

ಮೊದಲ ದಿನದ ಹಾಳೆ ವಾಪಸ್ ಕೊಡಿ, ಅವರವರ ಚಿತ್ರ ಅವರೇ ಗುರುತು ಹಿಡಿದು ತಗೋತಾರೆ. ಪಕ್ಕದಲ್ಲಿ ಹೊಸ ಚಿತ್ರ ಬರೆದು ಕೆಳಗೆ ಮೂರು ಸಾಲು: ಮೊದಲು ಹೀಗೆ ಅನ್ಕೊಂಡಿದ್ದೆ, ಇಂಥ ಕಡೆ ಅದು ನಿಲ್ಲಲ್ಲ, ಆದ್ರಿಂದ ಈಗ ಹೀಗೆ. ನಡುವಿನ ಸಾಲು ಖಾಲಿ ಬಿಟ್ಟವರಿಗೆ ಇನ್ನೂ ಆಗಿಲ್ಲ ಅಂತ ಅರ್ಥ. ಅವರನ್ನ ಎಲ್ಲರ ಮುಂದೆ ನಿಲ್ಲಿಸ್ಬೇಡಿ, ಪಕ್ಕಕ್ಕೆ ಕೂರಿಸ್ಕೊಂಡು ಮೂರನೇ ಹೆಜ್ಜೆಯ ಪ್ರಶ್ನೆಯಿಂದ ಮತ್ತೆ ಶುರು ಮಾಡಿ.

ಆರನೇ ಹೆಜ್ಜೆ: ಲೆಸನ್ ಪ್ಲಾನಿನಲ್ಲಿ ಒಂದು ಕಾಲಂ

ಪಾಠ ಯೋಜನೇಲಿ "ಮಕ್ಕಳು ಏನು ಅನ್ಕೊಂಡಿರ್ಬಹುದು, ಅದನ್ನ ಹೊರಗೆ ತರೋಕೆ ನನ್ನ ಪ್ರಶ್ನೆ ಯಾವ್ದು" ಅಂತ ಒಂದು ಕಾಲಂ ಸೇರಿಸಿ, ಅದು ಖಾಲಿ ಇದ್ರೆ ಸಹಿ ಹಾಕ್ಬೇಡಿ. ಮೈಕ್ರೋ ಟೀಚಿಂಗ್‌ನಲ್ಲಿ, ಅಂದ್ರೆ ಸಹಪಾಠಿಗಳನ್ನೇ ಮಕ್ಕಳು ಅನ್ಕೊಂಡು ಸಣ್ಣ ಪಾಠ ಮಾಡೋ ಅಭ್ಯಾಸದಲ್ಲಿ, ಅವರು ಸುಮ್ನೆ ಒಳ್ಳೇ ಮಕ್ಕಳ ಥರ ತಲೆ ಆಡಿಸ್ತಾ ಕೂತ್ರೆ ಉಪಯೋಗ ಇಲ್ಲ. ಒಬ್ಬರಿಗೆ "ಘಟ್ಟ ಗೋಡೆ" ಅಂತ ನಂಬಿರೋ ಎಂಟನೇ ಕ್ಲಾಸಿನ ಮಗುವಿನ ಪಾತ್ರ ಕೊಡಿ, ಸುಲಭಕ್ಕೆ ಒಪ್ಪಬಾರ್ದು ಅಂತ ಹೇಳಿ. ಇಂಟರ್ನ್‌ಶಿಪ್ಪಿಗೆ ಹೋದಾಗ ಪಾಠಕ್ಕೆ ಮುಂಚೆ ಎರಡು ಮೂರು ಮಕ್ಕಳ ಹತ್ರ ಚಿತ್ರ ಬರೆಸ್ಕೊಂಡು ಬರ್ಲಿ. ತಮ್ಮದೇ ಹಳೇ ಚಿತ್ರ ಮಗುವಿನ ಹಾಳೇಲಿ ಕಂಡಾಗ ಅವರಿಗೆ ಪಾಠ ಎಲ್ಲಿಂದ ಶುರು ಮಾಡ್ಬೇಕು ಅಂತ ಯಾರೂ ಹೇಳ್ಕೊಡ್ಬೇಕಾಗಿಲ್ಲ.

ಏಳನೇ ಹೆಜ್ಜೆ: ತಿಂಗಳೆರಡು ತಿಂಗಳು ಬಿಟ್ಟು ಮತ್ತೆ ಕೇಳಿ

ಹಳೇ ಕಲ್ಪನೆ ವಾಪಸ್ ಬರುತ್ತೆ, ಅದು ಸಹಜ. ಅದೇ ಪ್ರಶ್ನೆ ಕೇಳಿದ್ರೆ ನೆನಪಿನ ಉತ್ತರ ಬರುತ್ತೆ, ಅದಕ್ಕೆ ಪ್ರಶ್ನೆ ಬದಲಿಸಿ. "ಭೂಮಿಯ ಅಕ್ಷ ನೆಟ್ಟಗಿದ್ದಿದ್ರೆ ಬೆಂಗಳೂರಲ್ಲಿ ಮೀಟರ್ ಕೋಲಿನ ಮಧ್ಯಾಹ್ನದ ನೆರಳು ವರ್ಷವಿಡೀ ಹೇಗಿರ್ತಿತ್ತು?" ದಿನಾ ಒಂದೇ, ಉತ್ತರಕ್ಕೆ, ಸುಮಾರು 23 ಸೆಂ.ಮೀ. "ಗಾಳಿ ಪೂರ್ವದಿಂದ ಬೀಸಿದ್ರೆ ಘಟ್ಟದ ಯಾವ ಮಗ್ಗುಲಲ್ಲಿ ಮಳೆ ಜಾಸ್ತಿ?" "ಬಿರುಕೇ ಇಲ್ಲದ ಬಂಡೆ ಮೇಲೆ ಕೆರೆ ಕಟ್ಟಿದ್ರೆ ಕೆಳಗಿನ ಬೋರ್‌ವೆಲ್‌ಗೆ ನೀರು ಬರುತ್ತಾ?" ಇವಕ್ಕೆ ಕಾರಣ ಸಮೇತ ಉತ್ತರ ಕೊಟ್ಟವರು ಕ್ಲಾಸಿಗೆ ಹೋಗೋಕೆ ತಯಾರು.

ಸೆಮಿಸ್ಟರ್‌ನಲ್ಲಿ ಇಷ್ಟಕ್ಕೆಲ್ಲ ಸಮಯ ಸಿಗಲ್ಲ ಅನ್ನೋರು ಋತುಗಳು, ಘಟ್ಟದ ಮಳೆ, ಅಂತರ್ಜಲ ಈ ಮೂರನ್ನ ಮಾತ್ರ ಹಿಡ್ಕೊಳ್ಳಿ, ಪಠ್ಯದಲ್ಲಿ ಇನ್ನುಳಿದ ಎಷ್ಟೋ ಪಾಠ ಇವುಗಳ ಮೇಲೇ ನಿಂತಿದೆ. ನೆರಳಿನ ಕೋಲನ್ನ ಮಾತ್ರ ಈ ತಿಂಗಳೇ ನೆಡ್ಸಿ, ಡಿಸೆಂಬರ್ 21ರ ಮತ್ತೆ ಏಪ್ರಿಲ್ 24ರ ಅಳತೆ ತಪ್ಪಿದ್ರೆ ಆ ಬ್ಯಾಚಿಗೆ ಮತ್ತೆ ಒಂದು ವರ್ಷ ಕಾಯ್ಬೇಕಾಗುತ್ತೆ.